ಫಡಕೆ ರಸ್ತೆಯ ಯಾತ್ರೆ ಯಾರ ಮನೆಯ ಅಟ್ಟದಲ್ಲಿದೆ?

ಡೊಂಬಿವಲಿಯ ಗಣೇಶ ಮಂದಿರ ಸಂಸ್ಥಾನ 1999ರ ಗುಡಿ ಪಾಡ್ವಾದಂದು ಶುರುಮಾಡಿದ ಹೊಸವರ್ಷದ ಸ್ವಾಗತ ಯಾತ್ರೆ ಇಂದು ಠಾಣೆ, ಗಿರ್‌ಗಾಂವ್ ಸೇರಿ ಮಹಾರಾಷ್ಟ್ರದ ಎಷ್ಟೋ ಊರುಗಳ ವಾಡಿಕೆ. ಅಂದು ಡೊಂಬಿವಲಿಯ ಫಡಕೆ ರಸ್ತೆಯ ಜನಜಂಗುಳಿಯನ್ನು ಮರಾಠಿ ಸುದ್ದಿ ವಾಹಿನಿಗಳು ನೇರವಾಗಿ ತೋರಿಸುತ್ತವೆ. ನಮ್ಮ ಯುಗಾದಿಯೂ ಅದೇ ದಿನ. ಬೇವು ಬೆಲ್ಲ ತಿಂದು ಬೀದಿಗಿಳಿಯುವ ಇಲ್ಲಿನ ಕನ್ನಡ ಕುಟುಂಬಗಳಿಗೆ ಈ ಮೆರವಣಿಗೆ ಪರರದ್ದಲ್ಲ. ಆದರೆ ಅದರ ಮೊದಲ ಹತ್ತು ವರ್ಷಗಳ ಪ್ರಸಾರವನ್ನು ಇವತ್ತು ನೋಡಬೇಕೆಂದರೆ ಯಾರನ್ನು ಕೇಳಬೇಕು? ವಾಹಿನಿಗಳ ಕಚೇರಿಗಿಂತ ಮೊದಲು, ಟಿವಿಯಿಂದ ಇಳಿಸಿಕೊಂಡ ಕ್ಯಾಸೆಟ್ಟುಗಳಿಗಾಗಿ ನಮ್ಮ ನಮ್ಮ ಮನೆಗಳ ಅಟ್ಟವನ್ನೇ ಹುಡುಕಬೇಕು, ಅದೂ ತಡಮಾಡದೆ, ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಸಾರ ಮಾಡಿದವರೇ ಕಾಪಾಡಿರುತ್ತಾರೆ ಎಂದು ನಾವು ನಂಬಿಕೊಂಡಿರುತ್ತೇವೆ. ಅನುಭವ ಹೇಳುವುದು ಬೇರೆ. ಅಮೆರಿಕದಲ್ಲಿ 1967ರ ಮೊದಲ ಸೂಪರ್ ಬೌಲ್ ಪಂದ್ಯವನ್ನು ಎರಡು ದೊಡ್ಡ ಜಾಲಗಳು ಪ್ರಸಾರ ಮಾಡಿದವು. ಪೂರ್ತಿ ಪ್ರಸಾರವನ್ನು ಎರಡೂ ಉಳಿಸಿಕೊಳ್ಳಲಿಲ್ಲ. ಅದರ ವಿಡಿಯೊ ಮುದ್ರಿಕೆ, ಅಪೂರ್ಣವಾದರೂ, 2005ರಲ್ಲಿ ಪತ್ತೆಯಾದದ್ದು ಪೆನ್ಸಿಲ್ವೇನಿಯಾದ ಒಂದು ಮನೆಯ ಅಟ್ಟದಲ್ಲಿ. ಬಿಬಿಸಿ ಅಳಿಸಿಹಾಕಿದ್ದ 'ಡಾಕ್ಟರ್ ಹೂ' ಸರಣಿಯ ಒಂಬತ್ತು ಕಂತುಗಳು ಮರಳಿ ಸಿಕ್ಕ ಸುದ್ದಿ 2013ರಲ್ಲಿ ಬಂದದ್ದು ದೂರದ ನೈಜೀರಿಯಾದಿಂದ. ಬಿಬಿಸಿಯಂಥ ಸಂಸ್ಥೆಯ ಗತಿಯೇ ಹೀಗಿರುವಾಗ, ಒಂದೆರಡು ಕೋಣೆಯಲ್ಲಿ ನಡೆಯುತ್ತಿದ್ದ ಕೇಬಲ್‌ವಾಲಾನ ಸ್ಥಳೀಯ ವಾಹಿನಿಯಿಂದ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ. ಕ್ಯಾಸೆಟ್ ದುಬಾರಿ, ಅಳಿಸಿ ಮತ್ತೆ ಬಳಸುವುದೇ ಆ ದಂಧೆಯ ರೀತಿಯಾಗಿತ್ತು. 2012-13ರ ಹೊತ್ತಿಗೆ ಕೇಬಲ್ ಡಿಜಿಟಲೀಕರಣ ಬಂದಾಗ ಸಣ್ಣ ಕಂಟ್ರೋಲ್ ರೂಮುಗಳ ಕಾಲವೂ ಮುಗಿಯಿತು. ಉಪಗ್ರಹ ವಾಹಿನಿಗಳಿಗೂ ಸರ್ಕಾರದ ನಿಯಮ ಹೇಳುವುದು ಪ್ರಸಾರವನ್ನು 90 ದಿನ ಇಟ್ಟುಕೊಳ್ಳಿ ಎಂದಷ್ಟೇ.

ಪ್ರತಿವರ್ಷ ಅದೇ ಢೋಲ್ ತಾಶಾ, ಅದೇ ಲೇಜೀಮು, ಅದೇ ಚಿತ್ರರಥಗಳು. ಹಳೆಯದನ್ನು ಹುಡುಕಿ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಮರುಕಳಿಸುವುದೇ ಇದರ ಬೆಲೆ. ಒಂದೇ ರಸ್ತೆ, ಒಂದೇ ಹಬ್ಬ, ವರ್ಷ ವರ್ಷವೂ ಕ್ಯಾಮೆರಾ. ಕಟ್ಟಡಗಳು ಎದ್ದದ್ದು, ಅಂಗಡಿ ಫಲಕಗಳ ಭಾಷೆ ಬದಲಾದದ್ದು, ಒಂಬತ್ತು ಗಜದ ಸೀರೆಯುಟ್ಟ ಹೆಂಗಸರು ನಡೆಯುವುದರ ಜೊತೆಗೆ ಬೈಕ್ ಏರಿ ಬರತೊಡಗಿದ್ದು, ಯಾವ ಸಮುದಾಯ ಯಾವ ವರ್ಷ ತನ್ನ ತಂಡದೊಂದಿಗೆ ಬೀದಿಗೆ ಬಂತೆಂಬುದು, ಇದೆಲ್ಲ ಒಟ್ಟಾಗಿ ಸಿಗುವುದು ಇಂಥ ದೃಶ್ಯಗಳಲ್ಲಿ ಮಾತ್ರ. ಮರುದಿನದ ಪತ್ರಿಕೆ ಒಂದು ಫೋಟೊ, ನಾಲ್ಕು ಸಾಲು ಕೊಡುತ್ತದೆ. ವೇದಿಕೆಯ ಮೇಲಿದ್ದವರ ಹೆಸರು ಉಳಿಯುತ್ತದೆ, ಪಲ್ಲಕ್ಕಿಯ ಹಿಂದೆ ನಡೆದವರದ್ದಲ್ಲ. ಇನ್ನೊಂದು ಮಾತಿದೆ. ಯಾತ್ರೆಯಲ್ಲಿ ರಾಜಕಾರಣಿಗಳ ಫಲಕ ಹೆಚ್ಚಾಯಿತು, ಮೊದಲಿನ ಸರಳತೆ ಹೋಯಿತು ಎಂಬ ದೂರು ಆಗಾಗ ಕೇಳಿಬರುತ್ತದೆ. ಇರಬಹುದು, ಇಲ್ಲದಿರಬಹುದು. ಮೊದಲ ವರ್ಷಗಳ ದೃಶ್ಯ ಎದುರಿಗಿಲ್ಲದೆ ಆ ಜಗಳ ಬರೀ ನೆನಪಿನ ಮೇಲೆ ನಡೆಯುತ್ತದೆ. ಯೂಟ್ಯೂಬಿನಲ್ಲಿ ಎಲ್ಲವೂ ಇದೆಯಲ್ಲ ಎನ್ನುವವರಿಗೆ ಉತ್ತರ ಚಿಕ್ಕದು: ಯೂಟ್ಯೂಬ್ ಹುಟ್ಟಿದ್ದೇ 2005ರಲ್ಲಿ.

ಹಕ್ಕುಸ್ವಾಮ್ಯದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಟಿವಿಯಿಂದ ಇಳಿಸಿಕೊಂಡದ್ದನ್ನು ಮನಸ್ಸಿಗೆ ಬಂದಂತೆ ಹಂಚುವಂತಿಲ್ಲ, ನಿಜ. ಆದರೆ ಕಾಪಾಡುವುದು ಬೇರೆ, ಪ್ರದರ್ಶಿಸುವುದು ಬೇರೆ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಡಿಜಿಟಲ್ ಅಲ್ಲದ ಪ್ರತಿ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಹಾಗಾಗಿ ಕ್ಯಾಸೆಟ್ಟುಗಳು ಮೊದಲು ಸೇರಬೇಕಾದ್ದು ಗ್ರಂಥಾಲಯಕ್ಕೆ. ಅದಕ್ಕೆ ಬೇಕಾದ ಯಂತ್ರ, ಕೆಲಸಗಾರರ ಖರ್ಚನ್ನು ಹೊರುವುದು ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಗೆ ದೊಡ್ಡ ಹೊರೆಯೇನಲ್ಲ.

ದೊಡ್ಡ ತೊಂದರೆ ಕಾಲದ್ದು. ಕಾಂತೀಯ ಟೇಪುಗಳನ್ನು 2025ರೊಳಗೆ ಡಿಜಿಟಲ್ ಮಾಡದಿದ್ದರೆ ಅವುಗಳಲ್ಲಿರುವುದು ಕೈತಪ್ಪೀತು ಎಂದು ಯುನೆಸ್ಕೊ 2019ರಲ್ಲೇ ಎಚ್ಚರಿಸಿತ್ತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೈಬಿಟ್ಟಿತು. ಇಲ್ಲಿನ ಮಳೆಗಾಲದ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ಹತ್ತಿರದ ಅಪಾಯ ರೀಡೆವಲಪ್‌ಮೆಂಟಿನದು: ಹಳೆಯ ಕಟ್ಟಡ ಖಾಲಿ ಮಾಡುವ ವಾರದಲ್ಲಿ ಅಟ್ಟದ ಸಾಮಾನು ನೇರ ಗುಜರಿ ಅಂಗಡಿಗೆ ಹೋಗುತ್ತದೆ. ಮದುವೆಯ ಕ್ಯಾಸೆಟ್ ಎಂದು ಬರೆದದ್ದರ ಕೊನೆಯ ಅರ್ಧ ಗಂಟೆಯಲ್ಲಿ ಯಾತ್ರೆಯ ಪ್ರಸಾರ ಇದ್ದೀತು. ಡೊಂಬಿವಲಿ, ಠಾಣೆ, ಕಲ್ಯಾಣದ ಕನ್ನಡ ಸಂಘಗಳು ಬರುವ ಯುಗಾದಿಯ ಆಮಂತ್ರಣದಲ್ಲೇ ಒಂದು ಸಾಲು ಸೇರಿಸಲಿ: ಹಳೆಯ ಕ್ಯಾಸೆಟ್ ಇದ್ದರೆ ತನ್ನಿ. ನೀವೂ ಅದುವರೆಗೆ ಹೊರಗೆ ಬರೆದದ್ದನ್ನು ನೋಡಿ ಯಾವ ಕ್ಯಾಸೆಟ್ಟನ್ನೂ ಎಸೆಯಬೇಡಿ. ಬೂಷ್ಟು ಹಿಡಿದಿದ್ದರೆ ವಿಸಿಆರ್‌ಗೆ ಹಾಕಲೂ ಬೇಡಿ. ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ.