ಪಿಕ್ಕಿನ ಬೆಲೆ, ತಂತಿಯ ನುಡಿ

ಯಳವಿಯಲ್ಲಿ ಗಿಟಾರು ಕಲಿಯುವ ತರುಣನೊಬ್ಬ, ತಂತಿ ಮೀಟುವ ಪಿಕ್ಕಿಗೆ ಸಾವಿರಗಟ್ಟಲೆ ಹಣ ಕೇಳಿದರೆ, ದ್ರಾಕ್ಷಿ-ದಾಳಿಂಬೆಯ ಹಂಗಾಮನ್ನೇ ನೆಚ್ಚಿದ ತಂದೆ ಏನೆನ್ನಬೇಕು?

ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ತಂತಿಯನ್ನು ಬಿಡುವ ಕ್ಷಣದಲ್ಲಿ ಅದಕ್ಕೆ ತಗಲಿರುವುದು ಪಿಕ್ಕಿನ ಅಂಚು. ಅಂಚು ಚೂಪಾಗಿದ್ದರೆ ನಾದ ಹರಿತ, ದುಂಡಗಿದ್ದರೆ ಮೃದು. ತೆಳುವಾದದ್ದು ಬಾಗಿ ಸದ್ದು ಮಾಡುತ್ತದೆ, ದಪ್ಪನೆಯದು ತಂತಿಯನ್ನು ತುಂಬಿ ನುಡಿಸುತ್ತದೆ. ಇಷ್ಟನ್ನೂ ಹತ್ತಿಪ್ಪತ್ತು ರೂಪಾಯಿಯ ಪಿಕ್ಕುಗಳಲ್ಲಿಯೇ, 0.5ರಿಂದ 1.5 ಮಿ.ಮೀ.ವರೆಗೆ ದಪ್ಪ ಬದಲಿಸಿ ಅರಿಯಬಹುದು. ದುಬಾರಿ ಪಿಕ್ ಮುಖ್ಯವಾಗಿ ಕೊಡುವುದು ಬಾಳಿಕೆಯನ್ನು. ಅದೂ ಕಿಸೆಯಿಂದ ಜಾರದಿದ್ದರೆ!

ಹಿಂದೆ ಶ್ರೇಷ್ಠವೆನಿಸಿದ್ದುದು ಕಡಲಾಮೆಯ ಚಿಪ್ಪು. 1970ರ ದಶಕದ ಅಂತಾರಾಷ್ಟ್ರೀಯ ಒಪ್ಪಂದವು ಆ ವ್ಯಾಪಾರವನ್ನು ತಡೆಯಿತು. ಅದರ ನಾದವನ್ನು ಹೋಲುತ್ತದೆಂಬ ಮಾತಿನ ಮೇಲೆಯೇ ಇಂದಿನ ಹಲವು ದುಬಾರಿ ಪಿಕ್ಕುಗಳು ಮಾರಾಟವಾಗುತ್ತವೆ. ನಮ್ಮ ರಾಜೀವ ತಾರಾನಾಥರ ವಾದ್ಯವಾದ ಸರೋದನ್ನು ಮೀಟುವ ‘ಜವಾ’ವಾದರೋ ಸಾಮಾನ್ಯವಾಗಿ ತೆಂಗಿನ ಕರಟದ್ದು. ಕರಟವನ್ನು ಕತ್ತರಿಸಿ, ಅರದಿಂದ ಉಜ್ಜಿ, ಕೈಗೊಗ್ಗುವಂತೆ ಅಂಚು ತಿದ್ದುತ್ತಾರೆ. ಸಿತಾರಿನ ಮಿಜರಾಬು ಬಾಗಿಸಿದ ಉಕ್ಕಿನ ತಂತಿ, ಅಷ್ಟೆ.

ಸಿತಾರು, ತಂಬೂರಿಗಳಿಗಾಗಿ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮಿರಜ ನಮ್ಮ ಜಿಲ್ಲೆಯದೇ. ಅಲ್ಲಿನ ಕುಶಲಕರ್ಮಿ ತಂಬೂರಿಯ ಕುದುರೆಯ ಮೇಲ್ಮೈಯನ್ನು ಕಿವಿಗೊಟ್ಟು ತಿಕ್ಕಿ ಜವಾರಿ ತೆಗೆಯುತ್ತಾನೆ. ಹಣ ಸಲ್ಲಬೇಕಾದದ್ದು ಅಂಥ ಕಿವಿಗೆ. ತಂದೆ ಸದ್ಯಕ್ಕೆ ಹೊಸ ತಂತಿ ಕೊಡಿಸಲಿ, ಒಂದು ಕರಟವನ್ನೂ ಅರವನ್ನೂ ಮಗನ ಕೈಗಿಡಲಿ. ದಿನಾಲು ನಾಲ್ಕು ತಾಸು ನುಡಿಸಿ ಅಗ್ಗದ ಪಿಕ್ಕಿನ ಅಂಚನ್ನು ವಾರಕ್ಕೊಮ್ಮೆ ಸವೆಸತೊಡಗಿದಾಗ ದುಬಾರಿಯದರ ಮಾತು ತೆಗೆದರಾಯಿತು.