ಗ್ಯಾಸ್ ಕೆಲಸ: ಕಂಪನಿ ಸಂಬಳವೋ, ಸ್ವಂತ ಸ್ಪ್ಯಾನರೋ?

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಎರಡೇ ಮಾತು: ಯಾವ ಕಂಪನಿ, ಎಷ್ಟು ಪ್ಯಾಕೇಜ್. ಮೊನ್ನೆ ನನಗೂ ಒಂದು ಆಫರ್ ಬಂತು. ಗ್ಯಾಸ್ ವಿಭಾಗದಲ್ಲಿ ಫೀಲ್ಡ್ ಸರ್ವಿಸ್ ಇಂಜಿನಿಯರ್ ಕೆಲಸ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರಯಾಣ ಕಡ್ಡಾಯ’ ಅಂತ ಇತ್ತು. ಮನೆಗೆ ಫೋನ್ ಮಾಡಿದೆ. ಅಮ್ಮನಿಗೆ ಖುಷಿಯೋ ಖುಷಿ. ಅಲ್ಲೇ ಇದ್ದ ಮಾವ ಫೋನ್ ಇಸ್ಕೊಂಡು, “ಅಲ್ಲೋ, ಯಾರದೋ ಕೆಲಸಕ್ಕೆ ಊರೂರು ಅಲೆಯೋ ಬದಲು ನನ್ ಜೊತೆ ಬಾರೋ. ಎಷ್ಟಾದ್ರೂ ಸ್ವಂತ ಕೆಲಸ ಸ್ವಂತದ್ದೇ” ಅಂದರು. ಅವತ್ತಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಹಾಗಾಗಿ ಈ ಬರಹ.

ನಮ್ಮೂರು ಹಿರಿಯೂರು ತಾಲ್ಲೂಕಿನ ಆದಿವಾಲ. ಬೆಂಗಳೂರಿಂದ ದುರ್ಗದ ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗಿದ್ರೆ ನೀವು ನಮ್ಮೂರನ್ನ ದಾಟಿರ್ತೀರಿ, ಗಮನಿಸಿರಲ್ಲ ಅಷ್ಟೇ. ಮಾವ ಐಟಿಐ ಫಿಟ್ಟರ್. ಹೆದ್ದಾರಿ ಪಕ್ಕದ ಹೋಟೆಲ್, ಡಾಬಾ, ಕಲ್ಯಾಣ ಮಂಟಪಗಳಿಗೆ ಗ್ಯಾಸ್ ಲೈನ್ ಹಾಕ್ತಾರೆ. 19 ಕೆಜಿಯ ಸಿಲಿಂಡರ್‌ಗಳನ್ನ ಸಾಲಾಗಿ ಜೋಡಿಸಿ, ಅಲ್ಲಿಂದ ಒಲೆಗಳಿಗೆ ಪೈಪ್ ಎಳೆಯೋದು, ವಾಲ್ವ್, ರೆಗ್ಯುಲೇಟರ್ ರಿಪೇರಿ ಮಾಡೋದು. ನಮ್ಮ ಬೀದಿಯ ಇನ್ನೊಬ್ಬ ಅಣ್ಣ ಡಿಪ್ಲೊಮಾ ಮುಗಿಸಿ ಒಂದು ಕಂಪನಿ ಪರವಾಗಿ ತುಮಕೂರಿಂದ ದಾವಣಗೆರೆ ತನಕ ಓಡಾಡಿಕೊಂಡು ಗ್ಯಾಸ್ ಕನೆಕ್ಷನ್ ಸರ್ವಿಸ್ ಮಾಡ್ತಾನೆ. ನನ್ನ ಎದುರಿಗಿರೋ ಎರಡು ದಾರಿಗೂ ಒಬ್ಬೊಬ್ಬರು ಕಣ್ಣ ಮುಂದೆಯೇ ಇದ್ದಾರೆ.

ಗ್ಯಾಸ್ ಕೆಲಸ ಅಂದ್ರೆ ಬರೀ ಸಿಲಿಂಡರ್ ಅನ್ನೋ ಕಾಲ ಹೋಯ್ತು. ದಾಭೋಲ್–ಬೆಂಗಳೂರು ಪೈಪ್‌ಲೈನ್ 2013ರಲ್ಲಿ ಶುರುವಾಯ್ತು, ಅದು ನಮ್ಮ ಜಿಲ್ಲೆಯನ್ನ ಹಾದೇ ಹೋಗುತ್ತೆ. 2018ರಲ್ಲಿ ನಡೆದ ನಗರ ಅನಿಲ ಹರಾಜಿನ 9ನೇ ಸುತ್ತಿನಲ್ಲಿ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳು ಯೂನಿಸನ್ ಎನ್ವಿರೋ ಕಂಪನಿಗೆ ಸಿಕ್ಕವು. 2024ರಲ್ಲಿ ಆ ಕಂಪನಿಯನ್ನ ಮುಂಬೈನ ಮಹಾನಗರ ಗ್ಯಾಸ್ ಕೊಂಡುಕೊಂಡಿತು. ಸಿಎನ್‌ಜಿ ಬಂಕ್, ಮನೆ ಮೀಟರ್, ಫ್ಯಾಕ್ಟರಿ ಬರ್ನರ್, ಎಲ್ಲದಕ್ಕೂ ಕೈ ಬೇಕು. ಮೆಕ್ಯಾನಿಕಲ್, ಕೆಮಿಕಲ್ ಓದ್ತಿರೋರಿಗೆ ಈ ಪ್ರಶ್ನೆ ಇವತ್ತಲ್ಲ ನಾಳೆ ಎದುರಾಗೇ ಆಗುತ್ತೆ.

ಮೊದಲು ದುಡ್ಡಿನ ಲೆಕ್ಕ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ತಗೊಂಡಿದ್ದು, ನಿಮ್ಮ ಆಫರ್‌ನ ಅಂಕಿ ಹಾಕಿ ನೋಡ್ಕೊಳ್ಳಿ. ಸಂಬಳ 25,000 ಅಂತಿಟ್ಕೊಳ್ಳಿ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂದ್ರೆ 208 ಗಂಟೆ. ಗಂಟೆಗೆ ಸುಮಾರು 120 ರೂಪಾಯಿ ಬಿತ್ತು. ಆದ್ರೆ ದಿನಾ 3 ಗಂಟೆ ಬಸ್ಸಲ್ಲೋ ಬೈಕಲ್ಲೋ ಕಳೆದ್ರೆ ಒಟ್ಟು 286 ಗಂಟೆ ಆಯ್ತು. ಈಗ ಗಂಟೆಗೆ 87 ರೂಪಾಯಿ. ಟಿಎ, ಡಿಎ ಕೊಡೋದು ಟಿಕೆಟ್ಟಿಗೆ ಮತ್ತು ಊಟಕ್ಕೆ. ಕಳೆದುಹೋದ ಸಮಯಕ್ಕೆ ಯಾರೂ ಬಿಲ್ ಪಾಸ್ ಮಾಡಲ್ಲ.

ಹಾಗಾದ್ರೆ ಸ್ವಂತ ಕೆಲಸವೇ ಲಾಭ ಅಂತೀರಾ? ತಾಳಿ. ಒಂದು ದಿನದ ಕೆಲಸಕ್ಕೆ 1,500 ಸಿಗುತ್ತೆ ಅನ್ನಿ. ಪೆಟ್ರೋಲ್, ಟೂಲ್ಸ್, ಫೋನು, ಸಣ್ಣಪುಟ್ಟ ಸಾಮಾನು ಸೇರಿ ತಿಂಗಳಿಗೆ 6,000 ಖರ್ಚು. ಕೈಗೆ 25,000 ಉಳಿಬೇಕಾದ್ರೆ 31,000 ದುಡೀಬೇಕು. ಅಂದ್ರೆ ತಿಂಗಳಿಗೆ 21 ದಿನ ದುಡ್ಡು ಬರೋ ಕೆಲಸ ಬೇಕು. ಸೈಟ್ ನೋಡಿ ಕೊಟೇಶನ್ ಕೊಡೋ ದಿನ, ಸಾಮಾನು ತರೋಕೆ ಹೋಗೋ ದಿನ, ಬಾಕಿ ವಸೂಲಿಗೆ ಅಲೆಯೋ ದಿನ, ಇವ್ಯಾವೂ ಈ 21ರಲ್ಲಿ ಬರಲ್ಲ. ಪಿಎಫ್ ಇಲ್ಲ, ಜ್ವರ ಬಂದ್ರೆ ರಜೆ ಸಂಬಳ ಇಲ್ಲ. ಮಾವನ ಡೈರಿಯಲ್ಲಿ ಕೆಲಸದ ಪುಟಕ್ಕಿಂತ ಉದ್ರಿ ಪುಟ ಜಾಸ್ತಿ ಇದಾವೆ.

ದುಡ್ಡಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ನನ್ನ ಮನಸ್ಸು ತೀರ್ಮಾನಕ್ಕೆ ಬಂದಿದ್ದು ಬೇರೆ ಕಾರಣಕ್ಕೆ.

ಹೋದ ದಸರಾ ರಜೇಲಿ ಮಾವನ ಜೊತೆ ಒಂದು ಡಾಬಾಕ್ಕೆ ಹೋಗಿದ್ದೆ. ಮಾಲೀಕರು ಅಡುಗೆಮನೆಗಿಂತ ತಗ್ಗಲ್ಲಿರೋ ಒಂದು ಕತ್ತಲೆ ರೂಮ್ ತೋರಿಸಿ, “ಸಿಲಿಂಡರೆಲ್ಲ ಇಲ್ಲೇ ಇಡ್ರಿ, ಮೇಲೆ ಜಾಗ ಇಲ್ಲ” ಅಂದರು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ರೆ ನೆಲದ ಮೇಲೆ ಹರಿದು ತಗ್ಗಲ್ಲಿ ನಿಲ್ಲುತ್ತೆ. ಒಂದು ಸ್ವಿಚ್ಚಿನ ಕಿಡಿ ಸಾಕು. ಜೊತೆಗೆ ಅವರಿಗೆ 6 ಸಿಲಿಂಡರ್ ಬೇಕಿತ್ತು. ಗ್ಯಾಸ್ ಸಿಲಿಂಡರ್ ನಿಯಮ 2016ರ ಪ್ರಕಾರ 100 ಕೆಜಿ ತನಕ ಎಲ್‌ಪಿಜಿ ಇಡೋಕೆ ಲೈಸೆನ್ಸ್ ಬೇಡ. 5 ಸಿಲಿಂಡರ್ ಅಂದ್ರೆ 95 ಕೆಜಿ, 6 ಅಂದ್ರೆ 114. ಮಾವ ಎರಡನ್ನೂ ಬಿಡಿಸಿ ಹೇಳಿದರು. ಮಾಲೀಕರು ನಕ್ಕು, “ನಿಮ್ಮ ಕೈಲಿ ಆಗಲ್ಲ ಅಂದ್ರೆ ಬೇರೆಯೋರು ಮಾಡ್ತಾರೆ ಬಿಡ್ರಿ” ಅಂದರು.

ಮಾವ ತಕ್ಷಣ ಉತ್ತರ ಕೊಡಲಿಲ್ಲ. ಎರಡು ನಿಮಿಷ ಸುಮ್ಮನೆ ನಿಂತರು. ಆಮೇಲೆ “ಆಗಲ್ಲ ಸ್ವಾಮಿ” ಅಂತ ಟೂಲ್ ಬ್ಯಾಗ್ ಎತ್ಕೊಂಡರು. ವಾಪಸ್ ಬರ್ತಾ ಬೈಕ್ ಮೇಲೆ ಒಂದೇ ಮಾತು ಆಡಿದ್ದು: “ಈ ತಿಂಗಳ ಚೀಟಿ ಕಟ್ಟಬೇಕಿತ್ತು ಕಣೋ.” ಆ ಎರಡು ನಿಮಿಷದಲ್ಲಿ ಅವರ ತಲೇಲಿ ಏನು ಓಡ್ತಿತ್ತು ಅಂತ ನನಗೆ ಆಗ ಗೊತ್ತಾಯ್ತು.

ಕಂಪನಿ ಕೆಲಸದಲ್ಲಿ ಈ ಕಷ್ಟ ಇಲ್ವಾ ಅಂತ ಬೀದಿಯ ಅಣ್ಣನ್ನ ಕೇಳಿದೆ. “ಗಿರಾಕಿಗೆ ‘ಕಂಪನಿ ರೂಲ್ಸು, ಆಗಲ್ಲ’ ಅಂತ ಸಲೀಸಾಗಿ ಹೇಳ್ತೀನಿ ತಮ್ಮಾ. ಆದ್ರೆ ಟಾರ್ಗೆಟ್ ಕೊಡೋ ಬಾಸ್‌ಗೆ ಆಗಲ್ಲ ಅಂತ ಹೇಳೋಕಾಗಲ್ಲ” ಅಂದ. ದಿನಕ್ಕೆ 8 ಕಡೆ ಹೋಗಬೇಕು. ಪ್ರತಿ ಜಾಯಿಂಟಿಗೂ ಸೋಪುನೀರು ಹಚ್ಚಿ, ಪ್ರೆಶರ್ ಇಳಿಯುತ್ತಾ ಅಂತ ಗೇಜ್ ನೋಡ್ತಾ ಕೂತ್ರೆ ಅಷ್ಟು ಮುಗಿಯಲ್ಲ. 8ನೇ ಮನೆ ಹೊತ್ತಿಗೆ ಸೋಪುನೀರು ಫೋಟೋ ಹಾಕೋಕೆ ಮಾತ್ರ ಅಂತೆ. ಸುಸ್ತಾದ ಕೈ, ಕತ್ತಲಾದ ಹೊತ್ತು, ಹೊರಡೋಕೆ ರೆಡಿಯಾಗಿರೋ ಕೊನೆ ಬಸ್ಸು.

ಅದಕ್ಕೇ ನನಗನ್ನಿಸೋದು ಇಷ್ಟು. ಸ್ವಾತಂತ್ರ್ಯ ಬೇಕಾ, ಭದ್ರತೆ ಬೇಕಾ ಅನ್ನೋದು ಗ್ಯಾಸ್ ಕೆಲಸದವನಿಗೆ ಎರಡನೇ ಪ್ರಶ್ನೆ. ತಪ್ಪು ಕೆಲಸ ಎದುರಿಗೆ ಬಂದಾಗ ‘ಆಗಲ್ಲ’ ಅನ್ನೋ ತಾಕತ್ತು ಎಲ್ಲಿ ನಿಂತು ಬರುತ್ತೆ ಅನ್ನೋದು ಮೊದಲನೇದು. ನಮ್ಮ ಸಾಫ್ಟ್‌ವೇರ್ ಗೆಳೆಯರ ತಪ್ಪು ಬಹಳಷ್ಟು ಸಲ ಮರುದಿನ ಸರಿಹೋಗುತ್ತೆ. ಸೋರೋ ಜಾಯಿಂಟ್ ಮರುದಿನದ ತನಕ ಕಾಯಲ್ಲ, ಮತ್ತೆ ಅದರ ಮುಂದೆ ನಿಂತಿರೋದು ಯಾರೋ ಅಡುಗೆಯವರು.

ಹೊಸಬನಿಗೆ ಈ ತಾಕತ್ತು ಇರಲ್ಲ. ಏನು ತಪ್ಪು ಅಂತಲೇ ಅವನಿಗೆ ಪೂರ್ತಿ ಗೊತ್ತಿರಲ್ಲ. ಹಾಗಾಗಿ ಮೊದಲ ಎರಡು ಮೂರು ವರ್ಷ ಸಂಬಳದ, ಅಲೆದಾಟದ ಕೆಲಸವೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಬೇರೆ ಬೇರೆ ಸೈಟ್, ಬೇರೆ ಬೇರೆ ಫಾಲ್ಟ್ ನೋಡೋಕೆ ಸಿಗುತ್ತೆ, ಜೊತೆಗೆ ಸಂಬಳವೂ ಬರುತ್ತೆ. ಆದ್ರೆ ಸಹಿ ಹಾಕೋ ಮುಂಚೆ ಎಚ್‌ಆರ್ ಹತ್ರ ಬಾಯಿಬಿಟ್ಟು ಕೇಳಿ: ನಾನು ಕಂಪನಿ ರೋಲ್ ಮೇಲಾ, ಕಾಂಟ್ರಾಕ್ಟರ್ ಕೆಳಗಾ? ದಿನಕ್ಕೆ ಎಷ್ಟು ಕಡೆ ಹೋಗಬೇಕು? ಪ್ರಯಾಣ ಡ್ಯೂಟಿ ಟೈಮಲ್ಲಿ ಸೇರುತ್ತಾ? ಅಪಘಾತ ವಿಮೆ ಇದೆಯಾ? ಸೇಫ್ ಇಲ್ಲ ಅಂತ ಒಂದು ಕೆಲಸ ನಿಲ್ಲಿಸಿದ್ರೆ ನನ್ನ ಬೆನ್ನಿಗೆ ಯಾರು ನಿಲ್ತಾರೆ? ಕೊನೇ ಪ್ರಶ್ನೆಗೆ ತಡವರಿಸಿದ್ರೆ ಪ್ಯಾಕೇಜ್ ಎಷ್ಟೇ ಇದ್ರೂ ಇನ್ನೊಮ್ಮೆ ಯೋಚಿಸಿ.

ಸ್ವಂತ ಕೆಲಸಕ್ಕೆ ಇಳಿಯೋರಿಗೂ ಒಂದು ಮಾತು. ಆರು ತಿಂಗಳ ಮನೆ ಖರ್ಚು ಬ್ಯಾಂಕಲ್ಲಿ ಇಟ್ಕೊಂಡೇ ಇಳೀರಿ. ಅದು ಬರೀ ಉಳಿತಾಯ ಅಲ್ಲ, ಮಾವ ನಿಂತ ಆ ಎರಡು ನಿಮಿಷ ನಿಮಗೆ ಬರದ ಹಾಗೆ ನೋಡ್ಕೊಳ್ಳೋ ದುಡ್ಡು. ಅರ್ಧ ಹಣ ಮುಂಗಡ ತಗೊಳ್ಳಿ. ಪ್ರತಿ ಪ್ರೆಶರ್ ಟೆಸ್ಟಿನ ಲೆಕ್ಕ ಬರೆದು ಗಿರಾಕಿಯ ಸಹಿ ಹಾಕಿಸ್ಕೊಳ್ಳಿ.

ನಾನು ಆಫರ್ ಒಪ್ಪಿದೀನಿ, ಮೂರು ವರ್ಷಕ್ಕೆ ಅಂತ ಮನಸ್ಸಲ್ಲೇ ಗೆರೆ ಎಳ್ಕೊಂಡು. ಮಾವನಿಗೂ ಹೇಳಿದೆ. “ಅಷ್ಟೊತ್ತಿಗೆ ನೀನು ಊರಿಗೆ ಬರ್ತೀಯಾ?” ಅಂತ ಕೇಳಿದರು. ಬರ್ತೀನಿ ಮಾವ, ಆದ್ರೆ ಬಂದ ದಿನವೇ ನಿಮ್ಮ ಉದ್ರಿ ಡೈರಿ ನನ್ನ ಕೈಗೆ ಕೊಡಬೇಕು ಅಂದೆ. ಫೋನಲ್ಲೇ ಜೋರಾಗಿ ನಕ್ಕರು. ಕೊಡ್ತೀನಿ ಅಂತ ಮಾತ್ರ ಹೇಳಲಿಲ್ಲ.