ದೋಣಿಯ ಕಣ್ಣಿಗೆ ಮುಪ್ಪು ಬಂದಾಗ

ಮನುಷ್ಯನಿಗೆ ಮುಪ್ಪು ಬರುವಾಗ ಕೈಕಾಲು, ಕಣ್ಣು, ಕಿವಿ ಎಲ್ಲವೂ ಹೆಚ್ಚುಕಡಿಮೆ ಜೊತೆಜೊತೆಯಾಗಿಯೇ ಬಳಲುತ್ತವೆ. ದೋಣಿಯ ವಿಷಯ ಹಾಗಲ್ಲ. ಅದರ ಮೈ ಗಟ್ಟಿಮುಟ್ಟಾಗಿರುವಾಗಲೇ ಕಣ್ಣು ಮಂಜಾಗುತ್ತದೆ, ಕಿವಿ ಮಂದವಾಗುತ್ತದೆ. ಅಮೆರಿಕದ ಈಶಾನ್ಯ ತೀರದಲ್ಲಿ, ನ್ಯೂ ಇಂಗ್ಲೆಂಡಿನ ಕೊಲ್ಲಿ ಕೋವುಗಳಲ್ಲಿ, ವಿಹಾರಕ್ಕೆಂದು ಇಟ್ಟುಕೊಂಡ ಯಂತ್ರದೋಣಿಗಳು ಅಸಂಖ್ಯಾತ. ಗಾಜಿನ ನಾರು ಮತ್ತು ರಾಳದಿಂದ ಎರಕಗೊಂಡ ಅವುಗಳ ಒಡಲು ನಲವತ್ತು ವರ್ಷವಾದರೂ ಜಗ್ಗುವುದಿಲ್ಲ. ಡೀಸೆಲ್ ಎಂಜಿನ್ನಿಗೆ ವೇಳೆಗೆ ಸರಿಯಾಗಿ ಎಣ್ಣೆ ಬದಲಾಯಿಸಿದರೆ ಅದೂ ದೀರ್ಘಾಯುಷಿಯೇ. ಆದರೆ ಚುಕ್ಕಾಣಿಯ ಮುಂದೆ ಸಾಲಾಗಿ ಕೂಡಿಸಿದ ವಿದ್ಯುನ್ಮಾನ ಉಪಕರಣಗಳು, ಅಂದರೆ ದಾರಿ ತೋರುವ ಯಂತ್ರ, ಆಳ ಅಳೆಯುವ ಯಂತ್ರ, ಮಂಜಿನಲ್ಲಿ ಕಾಣುವ ರೇಡಾರ್, ಮಾತನಾಡುವ ರೇಡಿಯೊ, ಇವು ಹತ್ತು ಹದಿನೈದು ವರ್ಷದೊಳಗೆ ಹಳತಾಗಿಬಿಡುತ್ತವೆ. ಒಡಲು ಒಂದು ತಲೆಮಾರಿನದು, ಕಣ್ಣು ಇನ್ನೊಂದು ತಲೆಮಾರಿನದು ಎಂಬ ಈ ವಿಚಿತ್ರ ದಾಂಪತ್ಯವನ್ನು ನಿಭಾಯಿಸುವುದೇ ಅಲ್ಲಿನ ದೋಣಿ ಯಜಮಾನನ ಗೃಹಕೃತ್ಯ.

ಬಸವನಗುಡಿಯಲ್ಲಿಯೋ ಒಂಟಿಕೊಪ್ಪಲಿನಲ್ಲಿಯೋ ಕುಳಿತು ಓದುವ ನಮಗೆ ಈ ಉಸಾಬರಿ ಏಕೆಂದು ಓದುಗ ಮಹಾಶಯರು ಕೇಳಬಹುದು. ಅಜ್ಜನ ಕಾಲದ ಮನೆ, ತಂದೆಯ ಕಾಲದ ತಂತಿ, ಮಗನ ಕಾಲದ ಫ್ರಿಜ್ಜು ಇವು ಮೂರೂ ಒಂದೇ ಸೂರಿನಡಿ ಬಾಳುವ ಸಂಸಾರ ನಮ್ಮದೂ ಹೌದು. ದೋಣಿಯಲ್ಲಿ ವ್ಯತ್ಯಾಸವಿಷ್ಟೇ: ಅಲ್ಲಿ ಫ್ಯೂಸ್ ಹೋದರೆ ಮೇಣದಬತ್ತಿ ಹಚ್ಚಿ ಪಕ್ಕದ ಮನೆಯವರನ್ನು ಕರೆಯುವಂತಿಲ್ಲ.

ಹಳೆಯ ದೋಣಿಯ ಪೆಟ್ಟಿಗೆಗಳಲ್ಲೆಲ್ಲ ಕುತೂಹಲಕಾರಿಯಾದುದು ಲೊರಾನ್. ಎರಡನೆಯ ಮಹಾಯುದ್ಧದ ಅವಶ್ಯಕತೆಯಿಂದ ಹುಟ್ಟಿದ ಈ ಪದ್ಧತಿಯ ತತ್ತ್ವ ಬಹು ಸರಳ. ದಡದ ಮೇಲಿನ ಎರಡು ಕೇಂದ್ರಗಳು ನಿಗದಿಯಾದ ವೇಳೆಗೆ ರೇಡಿಯೊ ಮಿಡಿತಗಳನ್ನು ಕಳುಹಿಸುತ್ತವೆ. ಯಾವ ಮಿಡಿತ ಮೊದಲು ಬಂತು, ಎಷ್ಟು ಮೊದಲು ಬಂತು ಎಂಬುದನ್ನು ದೋಣಿಯ ಯಂತ್ರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯುತ್ತದೆ. ಆ ಅಂತರದಿಂದ ನಕ್ಷೆಯ ಮೇಲೆ ಒಂದು ವಕ್ರರೇಖೆ ದೊರೆಯುತ್ತದೆ. ಇನ್ನೊಂದು ಜೋಡಿ ಕೇಂದ್ರದಿಂದ ಇನ್ನೊಂದು ರೇಖೆ. ಎರಡೂ ಕತ್ತರಿಸುವ ಬಿಂದುವಿನಲ್ಲಿ ನಮ್ಮ ದೋಣಿ ಇದೆ. ರೇಡಿಯೊ ತರಂಗ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ ಸುಮಾರು 300 ಮೀಟರು ಓಡುತ್ತದೆ. ಆದುದರಿಂದ ಕಾಲವನ್ನು ಅಳೆದವನು ದೂರವನ್ನೂ ಅಳೆದಂತೆಯೇ.

ಲೊರಾನಿಗೆ ಒಂದು ವಿಶೇಷ ಗುಣವಿತ್ತು. ಭೂಮಿಯ ಮೇಲೆ ಹಾದುಬರುವಾಗ ಅದರ ತರಂಗ ತುಸು ತಡವಾಗುತ್ತಿದ್ದುದರಿಂದ, ಅಕ್ಷಾಂಶ ರೇಖಾಂಶಗಳನ್ನು ಹೇಳುವಾಗ ಅದು ತಪ್ಪುತ್ತಿದ್ದುದುಂಟು. ಆದರೆ ನಿನ್ನೆ ಕಂಡ ಸಂಖ್ಯೆಗೆ ಇಂದು ಮರಳಿ ಹೋದರೆ ಬಹುಮಟ್ಟಿಗೆ ಅದೇ ಜಾಗಕ್ಕೆ ತಂದು ನಿಲ್ಲಿಸುತ್ತಿತ್ತು. ಊರಿನ ಹೆಸರು ತಪ್ಪಾಗಿ ಹೇಳಿದರೂ ಮನೆಯ ಬಾಗಿಲಿಗೆ ತಪ್ಪದೆ ಕರೆದೊಯ್ಯುವ ಹಳೆಯ ಬಂಟನಂತೆ! ಹಾಗಾಗಿ ಮೀನುಗಾರರೂ ವಿಹಾರಿಗಳೂ ಮೀನು ಸಿಕ್ಕಿದ ಜಾಗ, ಮುಳುಗಿದ ಹಡಗಿನ ಜಾಗ, ಬಂಡೆಯಿಲ್ಲದ ಓಣಿ ಇವುಗಳ ಸಂಖ್ಯೆಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡರು. ತಂದೆಯಿಂದ ಮಗನಿಗೆ ಬರುವ ಆಸ್ತಿ ಅದು.

2010ರ ಫೆಬ್ರವರಿ 8ರಂದು ಅಮೆರಿಕದ ಕರಾವಳಿ ರಕ್ಷಣಾ ಪಡೆ ಲೊರಾನ್-ಸಿ ಪ್ರಸಾರವನ್ನು ನಿಲ್ಲಿಸಿತು. ಯಂತ್ರದಲ್ಲಿ ಒಂದು ತಿರುಪೂ ಸಡಿಲವಾಗಿರಲಿಲ್ಲ. ಆದರೂ ಅದು ಒಂದೇ ದಿನದಲ್ಲಿ ಮೂಕವಾಯಿತು. ಪುಸ್ತಕದ ಸಂಖ್ಯೆಗಳು ಯಾರೂ ಆಡದ ಭಾಷೆಯ ಮಾತುಗಳಾದವು. ಅವನ್ನು ಸೂತ್ರದ ಮೂಲಕ ಅಕ್ಷಾಂಶ ರೇಖಾಂಶಗಳಿಗೆ ಪರಿವರ್ತಿಸಬಹುದು, ನಿಜ. ಆದರೆ ಹಳೆಯ ಬಂಟನ ಹಳೆಯ ತಪ್ಪುಗಳೂ ಅದರೊಡನೆಯೇ ಬರುತ್ತವೆ. ಪ್ರಸಾರ ಇನ್ನೂ ಜೀವಂತವಿದ್ದಾಗಲೇ ಆಯಾ ಜಾಗಕ್ಕೆ ಹೋಗಿ, ಹಳೆಯ ಯಂತ್ರದ ಸಂಖ್ಯೆಯ ಪಕ್ಕದಲ್ಲಿ ಹೊಸ ಯಂತ್ರದ ಸಂಖ್ಯೆಯನ್ನು ಬರೆದುಕೊಂಡವರ ಆಸ್ತಿ ಮಾತ್ರ ಪೂರ್ತಿಯಾಗಿ ಉಳಿಯಿತು. ಹಳೆಯದನ್ನು ಬದಲಾಯಿಸುವ ಕಲೆಯ ಮೊದಲನೆಯ ಪಾಠ ಇದೇ: ಅಜ್ಜಿ ಬದುಕಿರುವಾಗಲೇ ಉಪ್ಪಿನಕಾಯಿಯ ಅಳತೆ ಕೇಳಿಟ್ಟುಕೊಳ್ಳಬೇಕು.

ಲೊರಾನಿನ ಸ್ಥಾನಕ್ಕೆ ಬಂದ ಸೊಸೆ ಜಿ.ಪಿ.ಎಸ್. ಅದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ಪೂರ್ಣ ಬಳಕೆಗೆ ಸಿದ್ಧವೆಂದು ಸಾರಿದ್ದು 1995ರಲ್ಲಿ. ನಾಗರಿಕರ ಪಾಲಿನ ಸಂಕೇತದಲ್ಲಿ ಸೇನೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ ಅದರ ನಿಖರತೆ ಬಹಳ ಹೆಚ್ಚಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ! ಆದರೆ ಸೊಸೆಗೂ ಮುಪ್ಪು ತಪ್ಪಿದ್ದಲ್ಲ. ಜಿ.ಪಿ.ಎಸ್. ತನ್ನ ಪಂಚಾಂಗದಲ್ಲಿ ವಾರಗಳನ್ನು ಎಣಿಸಲು ಹತ್ತು ದ್ವಿಮಾನ ಅಂಕಿಗಳನ್ನು ಮಾತ್ರ ಇಟ್ಟುಕೊಂಡಿತ್ತು. 1024 ವಾರ, ಅಂದರೆ ಹತ್ತೊಂಬತ್ತೂವರೆ ವರ್ಷ ಕಳೆದೊಡನೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟಿನಲ್ಲಿ ಒಮ್ಮೆ, 2019ರ ಏಪ್ರಿಲಿನಲ್ಲಿ ಇನ್ನೊಮ್ಮೆ ಹೀಗಾಯಿತು. ಆಗ ಕೆಲವು ಹಳೆಯ ಯಂತ್ರಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖನ್ನು ತೋರಿಸತೊಡಗಿದವು.

ಹೀಗಿರುವಲ್ಲಿ ಯಜಮಾನ ಹೊಸ ಉಪಕರಣ ಕೊಳ್ಳಲು ಅಂಗಡಿಗೆ ಹೋಗುತ್ತಾನೆ. ಅಲ್ಲಿ ಅವನನ್ನು ಸ್ವಾಗತಿಸುವುದು ಅಗಲವಾದ, ಬಣ್ಣಬಣ್ಣದ, ಬೆರಳು ಮುಟ್ಟಿದರೆ ಓಗೊಡುವ ಒಂದು ಪರದೆ. ನಕ್ಷೆಯೂ ಅದರಲ್ಲೇ, ರೇಡಾರೂ ಅದರಲ್ಲೇ, ಆಳವೂ ಅದರಲ್ಲೇ, ಎಂಜಿನ್ನಿನ ಬಿಸಿಯೂ ಅದರಲ್ಲೇ. ರೇಡಾರಿನಲ್ಲಂತೂ ಮಹತ್ತರ ಸುಧಾರಣೆಯಾಗಿದೆ. ಹಳೆಯದು ಮ್ಯಾಗ್ನೆಟ್ರಾನ್ ಎಂಬ ಕೊಳವೆಯಿಂದ ಕೆಲವು ಸಾವಿರ ವಾಟುಗಳ ಮಿಡಿತ ಹೊರಡಿಸುತ್ತಿತ್ತು. ಗುಂಡಿ ಒತ್ತಿದ ಮೇಲೆ ಒಂದೆರಡು ನಿಮಿಷ ಕಾದು ಬಿಸಿಯಾಗಬೇಕಿತ್ತು. ಹೊಸ ಘನಸ್ಥಿತಿ ರೇಡಾರು ಕೆಲವೇ ಹತ್ತು ವಾಟುಗಳಲ್ಲಿ, ಕಾಯಿಸದೆ, ಸಮೀಪದ ತೇಲುಗುರುತನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಇವೆಲ್ಲ ನಿಜವಾದ ಅನುಕೂಲಗಳು. ಆದರೆ ಎಲ್ಲವನ್ನೂ ಒಮ್ಮೆಗೇ ಕೊಂಡರೆ ಹಳೆಯ ದೋಣಿಯ ಪಾಲಿಗೆ ಮೂಗಿಗಿಂತ ಮೂಗುತಿ ಭಾರ.

ಕೊಂಡು ತಂದ ಮೇಲೆ ಭಾಷೆಯ ತಗಾದೆ ಆರಂಭವಾಗುತ್ತದೆ. ಒಂದು ಯಂತ್ರ ಕಂಡುಹಿಡಿದುದನ್ನು ಇನ್ನೊಂದಕ್ಕೆ ತಿಳಿಸಲು ಅಮೆರಿಕದ ನೌಕಾ ವಿದ್ಯುನ್ಮಾನ ಸಂಘ 1983ರಲ್ಲಿ 0183 ಎಂಬ ಸಂಖ್ಯೆಯ ಒಂದು ಪದ್ಧತಿಯನ್ನು ರೂಪಿಸಿತು. ಅದು ಹಳೆಯ ಕಾಲದ ಅವಿಭಕ್ತ ಕುಟುಂಬದ ಶಿಸ್ತು: ಒಂದು ತಂತಿಯಲ್ಲಿ ಒಬ್ಬರೇ ಮಾತನಾಡಬೇಕು, ಉಳಿದವರೆಲ್ಲ ಕೇಳಬೇಕು. ಮಾತೂ ನಿಧಾನ, ಸೆಕೆಂಡಿಗೆ 4800 ಬಿಟ್. ಅದರ ಮುಂದಿನ ತಲೆಮಾರಾದ 2000 ಸಂಖ್ಯೆಯ ಪದ್ಧತಿಯಲ್ಲಿ ಮೋಟಾರು ಕಾರುಗಳಿಗಾಗಿ ಹುಟ್ಟಿದ ಜಾಲದ ಮೇಲೆ, ಒಂದೇ ಬೆನ್ನೆಲುಬು ತಂತಿಗೆ ಎಲ್ಲ ಯಂತ್ರಗಳೂ ಅಂಟಿಕೊಂಡು, ಸೆಕೆಂಡಿಗೆ 2,50,000 ಬಿಟ್ ವೇಗದಲ್ಲಿ ಸರದಿಯಂತೆ ಮಾತನಾಡುತ್ತವೆ. ಹಳಬರ ಭಾಷೆ ಹೊಸಬರಿಗೆ ತಿಳಿಯದು. ನಡುವೆ ದುಭಾಷಿಯ ಕೆಲಸ ಮಾಡುವ ಚಿಕ್ಕ ಪೆಟ್ಟಿಗೆಯೊಂದು ಬೇಕು. ಚೆನ್ನಾಗಿ ನಡೆಯುತ್ತಿರುವ ಹಳೆಯ ಸ್ವಯಂಚಾಲಿತ ಚುಕ್ಕಾಣಿಯನ್ನು ಎಸೆಯುವ ಮುನ್ನ ಈ ದುಭಾಷಿಯನ್ನು ಒಮ್ಮೆ ವಿಚಾರಿಸುವುದು ಗೃಹಸ್ಥನಿಗೆ ಲಾಭಕರ.

ಇಷ್ಟೆಲ್ಲ ಸಂಪತ್ತಿದ್ದೂ ದಾರಿ ತಪ್ಪುವುದು ಹೇಗೆಂಬುದನ್ನು ತಿಳಿಯಲು ಒಂದು ದೊಡ್ಡ ಹಡಗಿನ ಕಥೆಯನ್ನು ನೆನೆಯಬೇಕು. ರಾಯಲ್ ಮೆಜೆಸ್ಟಿ ಎಂಬ ವಿಹಾರ ನೌಕೆ 1995ರ ಜೂನ್ 9ರಂದು ಬರ್ಮುಡಾ ದ್ವೀಪದಿಂದ ಬಾಸ್ಟನ್ನಿಗೆ ಹೊರಟಿತು. ಹೊರಟು ಒಂದು ಗಂಟೆ ಕಳೆಯುವುದರೊಳಗೆ ಜಿ.ಪಿ.ಎಸ್. ಆಂಟೆನಾದ ತಂತಿ ಕಳಚಿಕೊಂಡಿತು. ಉಪಗ್ರಹಗಳ ಸುದ್ದಿ ನಿಂತೊಡನೆ ಯಂತ್ರ, ವೇಗ ಮತ್ತು ದಿಕ್ಕುಗಳಿಂದ ಅಂದಾಜು ಲೆಕ್ಕ ಹಾಕುತ್ತ ಹೋಯಿತು. ಗಾಳಿಯೂ ಅಲೆಯೂ ಹಡಗನ್ನು ಪಕ್ಕಕ್ಕೆ ತಳ್ಳುತ್ತಿದ್ದುದು ಈ ಅಂದಾಜಿಗೆ ತಿಳಿಯದು. ಕ್ಷಣಮಾತ್ರದ ಒಂದು ಸದ್ದು, ಮೂಲೆಯಲ್ಲಿ ಚಿಕ್ಕ ಅಕ್ಷರಗಳ ಸೂಚನೆ, ಇಷ್ಟೇ ಎಚ್ಚರಿಕೆ. ಚುಕ್ಕಾಣಿಯನ್ನು ಹಿಡಿದ ಸ್ವಯಂಚಾಲಿತ ಯಂತ್ರವಾದರೋ ಈ ಅಂದಾಜನ್ನೇ ವೇದವಾಕ್ಯವೆಂದು ನಂಬಿತು.

ಹಡಗಿನಲ್ಲಿ ಲೊರಾನ್ ಇತ್ತು. ಅದು ಸರಿಯಾದ ಸ್ಥಾನವನ್ನೇ ಹೇಳುತ್ತಿತ್ತು. ಎರಡನ್ನೂ ಹೋಲಿಸಿ ನೋಡಿದವರಿಲ್ಲ. ಆಳ ಕಡಿಮೆಯಾದರೆ ಕೂಗಬೇಕಾದ ಯಂತ್ರದ ಎಚ್ಚರಿಕೆಯನ್ನು ಸೊನ್ನೆ ಮೀಟರಿಗೆ ಇಡಲಾಗಿತ್ತು. ಎಂದರೆ ಅದರ ಬಾಯಿಗೆ ಬಟ್ಟೆ ತುರುಕಿದಂತೆಯೇ ಸರಿ. ದಾರಿಯಲ್ಲಿ ಕಾಣಬೇಕಾಗಿದ್ದ ತೇಲುಗುರುತಿನ ಬದಲು ಇನ್ನೊಂದು ಗುರುತು ರೇಡಾರಿನಲ್ಲಿ ಕಂಡಿತು. ಅದನ್ನೇ ತಮ್ಮದೆಂದು ಭಾವಿಸಿದರು. ಮುಂದಿನ ಗುರುತು ಕಾಣಲೇ ಇಲ್ಲ. ಆದರೂ ಕಾವಲಿನಲ್ಲಿದ್ದ ಅಧಿಕಾರಿ ಅದು ಕಂಡಿತೆಂದೇ ಕ್ಯಾಪ್ಟನ್ನನಿಗೆ ತಿಳಿಸಿದನು. ಜೂನ್ 10ರ ರಾತ್ರಿ 10 ಗಂಟೆ 25 ನಿಮಿಷಕ್ಕೆ, ತಾನಿರುವೆನೆಂದು ಭಾವಿಸಿದ್ದ ಜಾಗದಿಂದ ಸುಮಾರು 17 ಮೈಲಿ ದೂರದಲ್ಲಿ, ನಾಂಟಕೆಟ್ ದ್ವೀಪದ ಪೂರ್ವಕ್ಕಿರುವ ಮರಳುದಿಬ್ಬದ ಮೇಲೆ ಹಡಗು ಏರಿ ಕುಳಿತಿತು. 1,509 ಜನರಲ್ಲಿ ಯಾರಿಗೂ ಗಾಯವಾಗದಿದ್ದುದು ದೈವಕೃಪೆ. ನಷ್ಟ ಮಾತ್ರ ಸುಮಾರು 70 ಲಕ್ಷ ಡಾಲರ್.

ಈ ಕಥೆಯಲ್ಲಿ ಕಳಚಿದ್ದು ಒಂದು ತಂತಿ. ಹಳೆಯ ದೋಣಿಯನ್ನು ನವೀಕರಿಸುವವನು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಮೊದಲು ತಂತಿ, ಆಮೇಲೆ ಪರದೆ. ಉಪ್ಪುಗಾಳಿಗೆ ಬರಿಯ ತಾಮ್ರ ಹಸಿರುಗಟ್ಟಿ ಕೊಳೆಯುತ್ತದೆ. ತವರ ಲೇಪಿಸಿದ ತಾಮ್ರದ ತಂತಿಯನ್ನೇ ಎಳೆಯಬೇಕು. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ದೂರದ ಯಂತ್ರಕ್ಕೆ ಸಣ್ಣ ತಂತಿ ಎಳೆದರೆ ಶಕ್ತಿ ದಾರಿಯಲ್ಲೇ ಸೋರಿಹೋಗಿ, ಎಂಜಿನ್ ಹೊರಡಿಸುವ ಹೊತ್ತಿಗೆ ಪರದೆ ಕಣ್ಣು ಮುಚ್ಚುತ್ತದೆ. ಪ್ರತಿಯೊಂದು ಉಪಕರಣಕ್ಕೂ ಅದರದೇ ಫ್ಯೂಸು ಇರಬೇಕು. ಯಾವ ತಂತಿ ಎಲ್ಲಿಗೆ ಹೋಗುತ್ತದೆಂಬ ಚೀಟಿ ಎರಡು ತುದಿಗೂ ಅಂಟಿರಬೇಕು. ತೆಗೆದುಹಾಕಿದ ಯಂತ್ರದ ಸತ್ತ ತಂತಿಗಳನ್ನು ಗೋಡೆಯೊಳಗೆ ಬಿಡದೆ ಎಳೆದು ಹಾಕಬೇಕು.

ತಂತಿಯ ನಂತರದ ಸ್ಥಾನ ರೇಡಿಯೊದ್ದು. ಈಗಿನ ನೌಕಾ ರೇಡಿಯೊಗಳಲ್ಲಿ ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿಯುಂಟು. ಅಪಾಯದಲ್ಲಿ ಅದನ್ನು ಒತ್ತಿ ಹಿಡಿದರೆ, ದೋಣಿಯ ಒಂಬತ್ತು ಅಂಕಿಗಳ ಗುರುತು ಸಂಖ್ಯೆಯೊಡನೆ ಅದು ಇರುವ ಸ್ಥಳವೂ ರಕ್ಷಕರಿಗೆ ತಲುಪುತ್ತದೆ. ಆದರೆ ಸ್ಥಳ ತಿಳಿಯಬೇಕಾದರೆ ರೇಡಿಯೊದಲ್ಲಿಯೇ ಜಿ.ಪಿ.ಎಸ್. ಇರಬೇಕು, ಇಲ್ಲವೇ ದಾರಿ ತೋರುವ ಯಂತ್ರದಿಂದ ಅದಕ್ಕೆ ತಂತಿ ಜೋಡಿಸಿರಬೇಕು. ತನಗೆ ಬರುವ ಇಂಥ ಕರೆಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟರಲ್ಲಿ ಸ್ಥಳದ ವಿವರವೇ ಇಲ್ಲವೆಂದು ಅಮೆರಿಕದ ಕರಾವಳಿ ರಕ್ಷಣಾ ಪಡೆ ಒಮ್ಮೆ ದೋಣಿಯವರನ್ನು ಎಚ್ಚರಿಸಿತ್ತು. ಸಾವಿರಾರು ಡಾಲರಿನ ಪರದೆಯ ಪಕ್ಕದಲ್ಲಿ, ಜೋಡಿಸದೆ ಬಿಟ್ಟ ಎರಡು ತಂತಿಗಳು! ಮಡದಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಯಜಮಾನ ಈ ಎರಡು ತಂತಿಗಳಿಗಾಗಿ ಅರ್ಧ ದಿನ ವೆಚ್ಚ ಮಾಡಲಾರನೇ?

ಮೂರನೆಯದು ದಿಕ್ಸೂಚಿ. ಚುಕ್ಕಾಣಿಯ ಮುಂದಿನ ಹಳೆಯ ಕಾಂತಸೂಜಿಗೆ ವಿದ್ಯುತ್ತೂ ಬೇಡ, ಉಪಗ್ರಹವೂ ಬೇಡ. ಆದರೆ ಅದರ ಪಕ್ಕದಲ್ಲಿ ಹೊಸ ಯಂತ್ರವನ್ನೋ ಧ್ವನಿವರ್ಧಕವನ್ನೋ ಕೂಡಿಸಿದರೆ ಸೂಜಿ ಅತ್ತ ವಾಲುತ್ತದೆ. ಹೊಸ ಉಪಕರಣ ಕೂಡಿಸಿದ ಮೇಲೆ ದೋಣಿಯನ್ನು ಎಲ್ಲ ದಿಕ್ಕಿಗೂ ತಿರುಗಿಸಿ ದಿಕ್ಸೂಚಿಯನ್ನು ಪುನಃ ಪರೀಕ್ಷಿಸಬೇಕು. ಕಾಗದದ ನಕ್ಷೆಯ ವಿಷಯವೂ ಹೀಗೆಯೇ. ಅಮೆರಿಕದ ಸರ್ಕಾರ ತನ್ನ ಸಾಂಪ್ರದಾಯಿಕ ಕಾಗದದ ನಕ್ಷೆಗಳನ್ನು ಹಂತಹಂತವಾಗಿ ನಿಲ್ಲಿಸುವುದಾಗಿ 2019ರಲ್ಲಿ ಪ್ರಕಟಿಸಿ, ಹಾಗೆಯೇ ನಡೆಸಿತು. ಆದರೂ ವಿದ್ಯುನ್ಮಾನ ನಕ್ಷೆಯಿಂದ ತನಗೆ ಬೇಕಾದ ಭಾಗವನ್ನು ಆರಿಸಿ ಕಾಗದಕ್ಕೆ ಇಳಿಸಿಕೊಳ್ಳಲು ಅವಕಾಶವಿದೆ. ಒಂದು ಪ್ರತಿ ಪೆಟ್ಟಿಗೆಯಲ್ಲಿರುವುದು ಕ್ಷೇಮ.

ನಮ್ಮ ನಾಡಿಗೂ ಈ ಸಮಸ್ಯೆಗೂ ಒಂದು ನಂಟುಂಟು. ಭಾರತದ ಸ್ವಂತ ದಾರಿದೀಪವಾದ ನಾವಿಕ್ ಉಪಗ್ರಹ ವ್ಯವಸ್ಥೆಯ ಸಂಚಾರ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿದೆ. 2013ರಲ್ಲಿ ಹಾರಿದ ಅದರ ಮೊದಲ ಉಪಗ್ರಹದಲ್ಲಿ ವಿದೇಶದಿಂದ ತರಿಸಿದ ಮೂರು ಪರಮಾಣು ಗಡಿಯಾರಗಳಿದ್ದವು; ಕೆಲವೇ ವರ್ಷಗಳಲ್ಲಿ ಮೂರೂ ನಿಂತವು. ಉಪಗ್ರಹದ ಮೈ ಗಟ್ಟಿಯಾಗಿತ್ತು, ಗಡಿಯಾರ ಮಾತ್ರ ಕೈಕೊಟ್ಟಿತ್ತು. ದೋಣಿಯಾದರೆ ದಡಕ್ಕೆಳೆದು ರಿಪೇರಿ ಮಾಡಬಹುದು. ಆಕಾಶದಲ್ಲಿ ಆ ಅನುಕೂಲವಿಲ್ಲ. ಇಲ್ಲಿಯೇ ತಯಾರಾದ ಪರಮಾಣು ಗಡಿಯಾರವನ್ನು ಹೊತ್ತ ಹೊಸ ತಲೆಮಾರಿನ ಉಪಗ್ರಹ 2023ರ ಮೇ 29ರಂದು ಹಾರಿತು. ಮುಪ್ಪು ಎಲ್ಲಿಂದ ಆರಂಭವಾಗುವುದೆಂದು ಕಂಡುಕೊಂಡು ಅಲ್ಲಿಗೇ ಮದ್ದು ಹುಡುಕಿದುದು ವಿವೇಕದ ಮಾತು.

ಕೊನೆಗೊಂದು ಮಾತು. ಹೊಸ ಯಂತ್ರ ಹಳೆಯದಕ್ಕಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಹಳೆಯದನ್ನೇ ತಬ್ಬಿಕೊಂಡು ಮಂಜಿನಲ್ಲಿ ಹೊರಡುವುದು ಶೌರ್ಯವೂ ಅಲ್ಲ, ಮಿತವ್ಯಯವೂ ಅಲ್ಲ. ಆದರೆ ಎರಡು ಸಾಕ್ಷಿಗಳನ್ನು ಹೋಲಿಸಿ ನೋಡುವ ಅಭ್ಯಾಸ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪರದೆ ಆಳ ಇಪ್ಪತ್ತು ಮೀಟರು ಎಂದಾಗ ನಕ್ಷೆ ಏನೆನ್ನುತ್ತದೆಂದು ಕೇಳಬೇಕು. ನಕ್ಷೆ ಬಲಗಡೆ ದೀಪಸ್ತಂಭವಿದೆ ಎಂದಾಗ ಕಿಟಕಿಯಿಂದ ತಲೆಯೆತ್ತಿ ನೋಡಬೇಕು. ಕಾಣದಿದ್ದರೆ ಕಂಡೆನೆನ್ನಬಾರದು. ವೇಗ ತಗ್ಗಿಸಿ, ಕಾಣುವವರೆಗೆ ಕಾಯಬೇಕು.